ನಮ್ಮನೆ ರೂಲ್ಸು, ನಿಮ್ಮನೆ ರೂಲ್ಸು

ನಾಲ್ಕು ಬೇರೆ ಬೇರೆ ಮನೆಯವರು ಚೌಕಾಬಾರ ಆಡೋಕೆ ಕೂತರೆ ಮೊದಲ ಹತ್ತು ನಿಮಿಷ ಯಾರೂ ಕವಡೆ ಹಾಕಲ್ಲ. ಬರೀ ಜಗಳ. ಕಾಯಿ ಮನೆಯಿಂದ ಹೊರಗೆ ಬರೋಕೆ ಏನು ಬೀಳಬೇಕು? ಒಂದೇ ಮನೇಲಿ ಎರಡು ಕಾಯಿ ಸೇರಿದ್ರೆ ಅದನ್ನ ಹೊಡೀಬಹುದಾ? ಮೂರು ಸಲ ಮೇಲಿಂದ ಮೇಲೆ ಚೌಕ ಬಿದ್ರೆ ಅದೃಷ್ಟವಾ, ಇಲ್ಲ ಎಲ್ಲಾ ಲೆಕ್ಕ ರದ್ದಾ? ಪ್ರತಿಯೊಬ್ಬರ ಹತ್ತಿರವೂ ಉತ್ತರ ಇರುತ್ತೆ, ಪ್ರತಿ ಉತ್ತರದ ಹಿಂದೆಯೂ ಒಬ್ಬರು ಅಜ್ಜಿ ಇರ್ತಾರೆ. ಅಜ್ಜಿ ಹೇಳಿದ್ದು ತಪ್ಪು ಅಂತ ಒಪ್ಪಿಕೊಳ್ಳೋಕೆ ಯಾರಿಗೂ ಮನಸ್ಸಿಲ್ಲ.

ಇದೇ ಜಗಳ ದೊಡ್ಡ ಮಟ್ಟದಲ್ಲಿ ನಡೆದ ಇನ್ನೊಂದು ಆಟ ಇದೆ. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಎಲ್ಲರೂ ಕರೆಯೋದು ಡಿ ಅಂಡ್ ಡಿ ಅಂತ. 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ಮೊದಲ ಎಪಿಸೋಡಿನಲ್ಲೇ ಹುಡುಗರು ಮೇಜಿನ ಸುತ್ತ ಕೂತು ಆಡ್ತಿದ್ದ ಆಟ ಅಂದ್ರೆ ನೆನಪಾಗಬಹುದು. 2008ರಿಂದ ಆರು ವರ್ಷ ಈ ಆಟದ ಅಭಿಮಾನಿಗಳು ಎರಡಾಗಿ, ಮೂರಾಗಿ ಒಡೆದು ಹೋಗಿದ್ರು. ಅವರನ್ನೆಲ್ಲ ಒಂದೇ ಹೊಸ ಎಡಿಷನ್ ಕೆಳಗೆ ತರೋ ಪ್ರಯತ್ನ 2012ರಲ್ಲಿ ಶುರುವಾಯ್ತು. ಅದು ಎಷ್ಟು ಕೆಲಸ ಮಾಡ್ತು, ಎಲ್ಲಿ ಮಾಡಲಿಲ್ಲ ಅನ್ನೋದು ಒಳ್ಳೆ ಇಂಜಿನಿಯರಿಂಗ್ ಪಾಠ. ರಾಜ್ಯೋತ್ಸವಕ್ಕೆ ಚೌಕಾಬಾರ ಸ್ಪರ್ಧೆ ಇಡೋಣ ಅಂತ ಹೊರಟಿರೋ ನಮಗಂತೂ ಈ ಪಾಠ ಈಗಲೇ ಬೇಕು.

ಚೌಕಾಬಾರದಲ್ಲಿ ಎಷ್ಟು ಎಡಿಷನ್?

ಗೊತ್ತಿಲ್ಲದವರಿಗೆ ಎರಡು ಮಾತು. ಐದು ಸಾಲು, ಐದು ಅಂಕಣ, ಒಟ್ಟು 25 ಚೌಕ. ನಾಲ್ಕು ಬದಿಯ ನಡುವಿನ ಚೌಕಗಳು ಆಟಗಾರರ ಮನೆಗಳು, ಅವಕ್ಕೆ ಕತ್ತರಿ ಗುರುತು ಹಾಕ್ತೀವಿ. ಒಬ್ಬೊಬ್ಬರಿಗೂ ನಾಲ್ಕು ಕಾಯಿ. ಹೊರಗಿನ ಸುತ್ತಿನಲ್ಲಿ 16 ಚೌಕ, ಒಳ ಸುತ್ತಿನಲ್ಲಿ 8, ನಡುವೆ ಒಂದು. ಹೊರಸುತ್ತು ಮುಗಿಸಿ, ಒಳಸುತ್ತಿಗೆ ದಿಕ್ಕು ಬದಲಿಸಿ ತಿರುಗಿ, ನಡುವಿನ ಚೌಕ ಸೇರಿದರೆ ಕಾಯಿ ಹಣ್ಣಾಯ್ತು. ದಾಳ ಇಲ್ಲ, ನಾಲ್ಕು ಕವಡೆ. ಕವಡೆ ಸಿಗದಿದ್ರೆ ಹುಣಸೆ ಬೀಜವನ್ನ ಎರಡು ಹೋಳು ಮಾಡಿಕೊಂಡರೆ ಆಯ್ತು, ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಂದು. ಎಷ್ಟು ಅಂಗಾತ ಬಿದ್ದವೋ ಅಷ್ಟು ಲೆಕ್ಕ. ನಾಲ್ಕೂ ಅಂಗಾತ ಬಿದ್ರೆ ಚೌಕ, ಅಂದ್ರೆ ನಾಲ್ಕು. ನಾಲ್ಕೂ ಬೋರಲು ಬಿದ್ರೆ ಬಾರ, ಅಂದ್ರೆ ಎಂಟು. ಆಟದ ಹೆಸರೇ ಅಲ್ಲಿಂದ ಬಂದಿದ್ದು. ಚೌಕವೋ ಬಾರವೋ ಬಿದ್ರೆ ಇನ್ನೊಂದು ಸಲ ಹಾಕಬಹುದು.

ಇಲ್ಲಿಯವರೆಗೆ ಸಾಮಾನ್ಯವಾಗಿ ತಕರಾರಿಲ್ಲ. ತಕರಾರು ಇದರ ಮುಂದೆ. ನಮ್ಮ ಹಾಸ್ಟೆಲ್ ಫ್ಲೋರಿನಲ್ಲಿ ಪಿರಿಯಾಪಟ್ಟಣದವರು ನಾವು ಇಬ್ಬರು, ಹುಣಸೂರಿನವನೊಬ್ಬ, ಕೆ.ಆರ್. ನಗರದವನೊಬ್ಬ, ಎಚ್.ಡಿ. ಕೋಟೆಯವನೊಬ್ಬ. ಐದು ಜನಕ್ಕೆ ಮೂರು ರೂಲ್ಸು. ಒಬ್ಬರ ಮನೇಲಿ ಕಾಯಿ ಶುರುವಿನಿಂದಲೇ ಓಡಬಹುದು. ಒಬ್ಬರ ಮನೇಲಿ ಒಂದು, ನಾಲ್ಕು, ಎಂಟು ಇವುಗಳಲ್ಲಿ ಯಾವುದಾದ್ರೂ ಬೀಳಬೇಕು. ಇನ್ನೊಬ್ಬರ ಮನೇಲಿ ಚೌಕವೋ ಬಾರವೋ ಬಿದ್ದರೆ ಮಾತ್ರ. ತಮಾಷೆ ಅಂದ್ರೆ ಇದು ಊರಿನ ಲೆಕ್ಕವೂ ಅಲ್ಲ. ಪಿರಿಯಾಪಟ್ಟಣದ ನಾವಿಬ್ಬರೇ ಬೇರೆ ಬೇರೆ ಥರ ಆಡ್ತೀವಿ, ನಮ್ಮಿಬ್ಬರ ಮನೆಗೂ ಎರಡೇ ಬೀದಿ ದೂರ.

"ಇಷ್ಟಕ್ಕೆಲ್ಲ ಏನ್ ವ್ಯತ್ಯಾಸ ಆಗುತ್ತೆ ಬಿಡು ಮಗಾ" ಅನ್ನಬೇಡಿ. ಲೆಕ್ಕ ಹಾಕೋಣ. ಕವಡೆ ನಾಣ್ಯದ ಹಾಗೆ ಸಮವಾಗಿ ಬೀಳುತ್ತೆ ಅಂದುಕೊಂಡರೆ (ನಿಜವಾಗಿ ಸಮ ಇರಲ್ಲ, ಪ್ರತಿ ಕವಡೆಗೂ ಅದರದೇ ಬುದ್ಧಿ) ನಾಲ್ಕು ಕವಡೆಗೆ 16 ಸಾಧ್ಯತೆ. ಒಂದು ಬೀಳೋಕೆ 4 ದಾರಿ, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಅಂದ್ರೆ "ಚೌಕ ಅಥವಾ ಬಾರ ಮಾತ್ರ" ಅನ್ನೋ ಮನೇಲಿ ಹೊರಗೆ ಬರೋ ಸಾಧ್ಯತೆ 16ರಲ್ಲಿ 2. ಸರಾಸರಿ 8 ಸಲ ಕವಡೆ ಹಾಕಬೇಕು. "ಒಂದೂ ಆಗುತ್ತೆ" ಅನ್ನೋ ಮನೇಲಿ 16ರಲ್ಲಿ 6, ಸರಾಸರಿ ಮೂರಕ್ಕಿಂತ ಕಡಿಮೆ ಸಲ ಸಾಕು. ಒಂದು ಸಾಲಿನ ರೂಲು ಬದಲಾದ್ರೆ ಕಾಯೋ ಹೊತ್ತು ಮೂರು ಪಟ್ಟು ಬದಲಾಗುತ್ತೆ. ಹೆಸರು ಒಂದೇ, ಆದರೆ ಒಂದು ಓಟದ ಆಟ, ಇನ್ನೊಂದು ತಾಳ್ಮೆಯ ಆಟ.

ಎರಡಕ್ಕೂ ಕಾರಣ ಇದೆ ಅನ್ನೋದು ನನಗೆ ರಜೆಯಲ್ಲಿ ಮನೆಗೆ ಹೋದಾಗ ಗೊತ್ತಾಯ್ತು. ನಮ್ಮ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಹಗಲು ರಾತ್ರಿ ಶಾಖ ನೋಡಿಕೊಳ್ಳಲೇಬೇಕು, ಯಾರಾದ್ರೂ ಎದ್ದಿರಬೇಕು. "ಯಾವ ರೂಲ್ಸು ಸರಿ ಅಜ್ಜಿ?" ಅಂತ ಕೇಳಿದ್ದಕ್ಕೆ ಅಜ್ಜಿ, "ಸರಿ ತಪ್ಪು ಏನ್ ಬಂತು? ಬ್ಯಾರನ್ ಕಾಯೋ ರಾತ್ರಿ ಆಟ ಬೇಗ ಮುಗಿದ್ರೆ ನಿದ್ದೆ ಬಂದ್ಬಿಡ್ತಿತ್ತು. ಅದಕ್ಕೆ ಚೌಕ ಬಿದ್ರೇನೇ ಬಿಡ್ತಿದ್ದಿದ್ದು" ಅಂದ್ರು. ಮಕ್ಕಳ ಜೊತೆ ಮಧ್ಯಾಹ್ನ ಆಡುವಾಗ ಅದೇ ಅಜ್ಜಿ ಒಂದಕ್ಕೂ ಬಿಡ್ತಾರೆ. ಮನೆ ರೂಲು ಅನ್ನೋದು ಸುಮ್ಮನೆ ಹುಟ್ಟಿಲ್ಲ, ಆ ಮನೆಯ ಹೊತ್ತಿಗೆ, ಜನಕ್ಕೆ ಹೊಂದಿಕೊಂಡು ಹುಟ್ಟಿದೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ.

ಡಿ ಅಂಡ್ ಡಿ ಅಂದ್ರೆ ಏನು?

ಇದು ರೋಲ್‌ಪ್ಲೇಯಿಂಗ್ ಆಟ, ಪಾತ್ರ ವಹಿಸಿ ಆಡೋ ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂರ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಕಥೆ ನಡೆಸೋರು. ಉಳಿದವರು ಒಂದೊಂದು ಪಾತ್ರ. ಮಾಸ್ಟರ್ ಸನ್ನಿವೇಶ ಹೇಳ್ತಾರೆ: "ನೀವು ಬೆಟ್ಟದಪುರದ ಬೆಟ್ಟ ಹತ್ತುತ್ತಾ ಇದ್ದೀರಿ. ಕತ್ತಲಾಗಿದೆ. ಮೇಲಿನ ಮೆಟ್ಟಿಲ ಮೇಲೆ ಎರಡು ಕಣ್ಣು ಹೊಳೀತಿವೆ. ಏನ್ ಮಾಡ್ತೀರಾ?" ಒಬ್ಬ ಅಂತಾನೆ, "ಬಂಡೆ ಹಿಂದೆ ಬಚ್ಚಿಟ್ಕೋತೀನಿ". ಆಯ್ತಾ ಇಲ್ಲವಾ ಅಂತ ಹೇಳೋದು 20 ಮುಖದ ದಾಳ. ಹೆಚ್ಚು ಬಿದ್ರೆ ಚಿರತೆಗೆ ಕಾಣಲಿಲ್ಲ, ಕಡಿಮೆ ಬಿದ್ರೆ ಕಾಲಡಿ ಕಲ್ಲು ಉರುಳಿತು. ಕಥೆ ಮುಂದಕ್ಕೆ ಹೋಗುತ್ತೆ. ಗೆದ್ದವರು ಸೋತವರು ಅಂತ ಇಲ್ಲ.

ಕನ್ನಡದವರಿಗೆ ಇದನ್ನ ಅರ್ಥ ಮಾಡಿಸೋಕೆ ಸುಲಭ ದಾರಿ ತಾಳಮದ್ದಳೆ. ಅಲ್ಲೂ ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡ್ತಾರೆ. ಪ್ರಸಂಗ ಎಲ್ಲರಿಗೂ ಗೊತ್ತು, ಆದರೆ ಅರ್ಥಧಾರಿ ಏನು ಮಾತಾಡ್ತಾರೆ ಅಂತ ಮೊದಲೇ ಬರೆದಿರಲ್ಲ. ಎದುರಿನ ಪಾತ್ರ ಹೇಳಿದ್ದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಭಾಗವತರು ಹಾಡಿನಿಂದ ಕಥೆಯನ್ನ ಮುಂದಕ್ಕೆ ತಗೊಂಡು ಹೋಗ್ತಾರೆ. ತಾಳಮದ್ದಳೆಗೆ ಒಂದು ದಾಳ ಸೇರಿಸಿ, ಕೊನೆ ಏನಾಗುತ್ತೆ ಅನ್ನೋದನ್ನೂ ಬಿಟ್ಟುಬಿಟ್ಟರೆ ಡಿ ಅಂಡ್ ಡಿಗೆ ಹತ್ತಿರ ಬಂದ ಹಾಗೆ.

ಆಟ ಹುಟ್ಟಿದ್ದು 1974ರಲ್ಲಿ ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ್ದು. ಒಂದು ಡಬ್ಬ, ಅದರಲ್ಲಿ ಮೂರು ಸಣ್ಣ ಪುಸ್ತಕ, ಮೊದಲ ಮುದ್ರಣ 1,000 ಪ್ರತಿ. ಆ ಪುಸ್ತಕಗಳು ಎಷ್ಟು ಅರೆಬರೆ ಇದ್ವು ಅಂದ್ರೆ ಆಡೋರು ಅರ್ಧ ರೂಲ್ಸ್ ತಾವೇ ಮಾಡಿಕೊಳ್ಳಬೇಕಿತ್ತು. ಹಾಗಾಗಿ ಮೊದಲ ದಿನದಿಂದಲೇ ಒಂದೊಂದು ಮೇಜಿನದು ಒಂದೊಂದು ಮನೆ ರೂಲು. ನಮ್ಮ ಚೌಕಾಬಾರದ ಕಥೆಯೇ.

ಒಡಕು ಹೇಗೆ ಬಂತು?

ಸುಮಾರು ವರ್ಷಗಳನ್ನ ಹಾರಿಸಿ ಮುಖ್ಯ ಜಾಗಕ್ಕೆ ಬರ್ತೀನಿ. 1989ರಲ್ಲಿ ಎರಡನೇ ಎಡಿಷನ್ ಬಂತು. ಆಟ ಹುಟ್ಟುಹಾಕಿದ ಟಿಎಸ್ಆರ್ ಕಂಪನಿ ಸಾಲದಲ್ಲಿ ಮುಳುಗಿ, 1997ರಲ್ಲಿ ವಿಝಾರ್ಡ್ಸ್ ಆಫ್ ದ ಕೋಸ್ಟ್ ಅನ್ನೋ ಕಂಪನಿ ಅದನ್ನ ಕೊಂಡುಕೊಳ್ತು. ಟಿಎಸ್ಆರ್ ಮುಳುಗೋಕೆ ಹೇಳೋ ಕಾರಣಗಳಲ್ಲಿ ಒಂದು ಗಮನಿಸೋ ಹಾಗಿದೆ: ಒಂದೇ ಆಟಕ್ಕೆ ಹತ್ತಾರು ಕಥಾಲೋಕಗಳನ್ನ ಮಾಡಿ ಮಾರಿದ್ರು. ಒಂದು ಲೋಕದ ಅಭಿಮಾನಿ ಇನ್ನೊಂದರ ಪುಸ್ತಕ ಕೊಳ್ಳಲಿಲ್ಲ. ತಮ್ಮ ಗಿರಾಕಿಗಳನ್ನ ತಾವೇ ಹಂಚಿಬಿಟ್ಟರು.

2000ದಲ್ಲಿ ಮೂರನೇ ಎಡಿಷನ್. ಇದರಲ್ಲಿ ಎರಡು ದೊಡ್ಡ ಕೆಲಸ ಆಯ್ತು. ಮೊದಲನೇದು, ಚದುರಿದ್ದ ರೂಲ್ಸನ್ನೆಲ್ಲ ಒಂದೇ ಸೂತ್ರಕ್ಕೆ ತಂದ್ರು: 20 ಮುಖದ ದಾಳ ಹಾಕಿ, ನಿಮ್ಮ ಸಾಮರ್ಥ್ಯದ ಅಂಕ ಕೂಡಿಸಿ, ಗುರಿ ಮುಟ್ಟಿದ್ರೆ ಗೆದ್ರಿ. ಎರಡನೇದು, ಓಪನ್ ಗೇಮ್ ಲೈಸೆನ್ಸ್. ಓಪನ್ ಸೋರ್ಸ್ ಸಾಫ್ಟ್‌ವೇರ್ ಇದ್ದ ಹಾಗೆ, ಆಟದ ಮೂಲ ರೂಲ್ಸನ್ನ ಬಳಸಿ ಯಾರು ಬೇಕಾದ್ರೂ ಪುಸ್ತಕ ಮಾಡಿ ಮಾರಬಹುದು ಅಂತ ಬಿಟ್ಟುಕೊಟ್ರು. 2003ರಲ್ಲಿ ಇದನ್ನೇ ತಿದ್ದಿ 3.5 ಅಂತ ತಂದ್ರು. ಇದರ ಸುತ್ತ ನೂರಾರು ಪುಸ್ತಕ ಬಂದವು.

2008ರಲ್ಲಿ ನಾಲ್ಕನೇ ಎಡಿಷನ್. ಇಲ್ಲಿ ಬಿತ್ತು ಒಡಕು. ನಾಲ್ಕನೇದು ಕೆಟ್ಟ ಡಿಸೈನ್ ಅಲ್ಲ. ಚೌಕಳಿ ಬೋರ್ಡ್ ಮೇಲೆ ಯುದ್ಧ ಆಡೋಕೆ ಬಹಳ ಚೆನ್ನಾಗಿತ್ತು, ಯಾವ ಪಾತ್ರ ಆರಿಸಿದ್ರೂ ಸಮಬಲ. ಮೂರನೇ ಎಡಿಷನ್ನಿನಲ್ಲಿ ಮೇಲಿನ ಹಂತಕ್ಕೆ ಹೋದಂತೆ ಮಾಂತ್ರಿಕ ದೇವರಾಗ್ತಿದ್ದ, ಕತ್ತಿ ಹಿಡಿದವನು ಬೇಜಾರಾಗಿ ಕೂರ್ತಿದ್ದ. ಅದನ್ನ ಸರಿ ಮಾಡಿದ್ರು. ಆದರೆ ಸರಿ ಮಾಡಿದ ರೀತಿ ಏನು? ಕತ್ತಿಯವನಿಗೂ ಮಾಂತ್ರಿಕನಿಗೂ ಒಂದೇ ಥರದ ಚೌಕಟ್ಟು: ಎಷ್ಟು ಸಲ ಬೇಕಾದ್ರೂ ಬಳಸೋ ಶಕ್ತಿ, ಒಂದು ಕಾಳಗಕ್ಕೆ ಒಂದು ಸಲ, ದಿನಕ್ಕೆ ಒಂದು ಸಲ. ಹಳೆಯ ಆಟಗಾರರಿಗೆ ಇದು ವಿಡಿಯೋ ಗೇಮ್ ಆಡಿದ ಹಾಗಾಯ್ತು. "ನಮ್ಮ ಆಟ ಎಲ್ಲಿ ಹೋಯ್ತು?" ಅಂದ್ರು. ಜೊತೆಗೆ ಲೈಸೆನ್ಸನ್ನೂ ಬಿಗಿ ಮಾಡಿದ್ರಿಂದ ಬೇರೆ ಪ್ರಕಾಶಕರಿಗೂ ಕೋಪ.

ಆಗ ಪೈಜೊ ಅನ್ನೋ ಕಂಪನಿ ಒಂದು ಜಾಣ ಕೆಲಸ ಮಾಡ್ತು. ಡಿ ಅಂಡ್ ಡಿಯ ಎರಡು ಪತ್ರಿಕೆಗಳನ್ನ 2007ರವರೆಗೆ ಇವರೇ ಪ್ರಕಟಿಸ್ತಿದ್ರು, ಓದುಗರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 2000ದ ಆ ಓಪನ್ ಲೈಸೆನ್ಸ್ ಇನ್ನೂ ಇತ್ತಲ್ಲ? ಅದನ್ನೇ ಹಿಡಿದು 3.5ರ ರೂಲ್ಸನ್ನ ಸ್ವಲ್ಪ ತಿದ್ದಿ, 2009ರಲ್ಲಿ ಪಾಥ್‌ಫೈಂಡರ್ ಅನ್ನೋ ಹೆಸರಲ್ಲಿ ತಂದ್ರು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಫೋರ್ಕ್. ಮುಂದೆ ಏನಾಯ್ತು ಅಂದ್ರೆ, 2011ರ ಹೊತ್ತಿಗೆ ಅಂಗಡಿ ಮಾರಾಟದ ಪಟ್ಟಿಯೊಂದರಲ್ಲಿ ಫೋರ್ಕೇ ಮೂಲ ಆಟವನ್ನ ಹಿಂದೆ ಹಾಕಿತ್ತು. ಇವೆರಡೂ ಬೇಡ ಅಂತ 70, 80ರ ದಶಕದ ಹಳೇ ರೂಲ್ಸಿಗೇ ವಾಪಸ್ ಹೋದವರದು ಮೂರನೇ ಗುಂಪು. ಈ ಜಗಳಕ್ಕೆ 'ಎಡಿಷನ್ ವಾರ್' ಅಂತಲೇ ಹೆಸರು ಬಿತ್ತು.

ಒಟ್ಟು ಸೇರಿಸೋ ಪ್ರಯತ್ನ

2012ರ ಜನವರಿ 9ರಂದು ಕಂಪನಿ ಹೊಸ ಎಡಿಷನ್ ಮಾಡ್ತೀವಿ ಅಂತ ಘೋಷಿಸಿತು. ಆಗ ಇಟ್ಟ ಹೆಸರು 'ಡಿ ಅಂಡ್ ಡಿ ನೆಕ್ಸ್ಟ್'. ಮುಂದಾಳು ಮೈಕ್ ಮರ್ಲ್ಸ್. ಮೂರನೇ ಎಡಿಷನ್ ಮಾಡಿದವರಲ್ಲಿ ಒಬ್ಬರಾದ ಮಾಂಟಿ ಕುಕ್ ಅವರನ್ನೂ ಕರೆದುಕೊಂಡು ಬಂದಿದ್ರು. ಅವರು ಏಪ್ರಿಲ್‌ನಲ್ಲೇ ಬಿಟ್ಟು ಹೋದರು ಅನ್ನೋದು ಬೇರೆ ಮಾತು.

ಮೊದಲು ಕೊಟ್ಟ ಭರವಸೆ ಬಹಳ ದೊಡ್ಡದು. ಬೇರೆ ಬೇರೆ ಎಡಿಷನ್ ಇಷ್ಟಪಡೋರು ಒಂದೇ ಮೇಜಿನಲ್ಲಿ, ತಮ್ಮ ತಮ್ಮ ಶೈಲಿಯ ಪಾತ್ರ ಇಟ್ಟುಕೊಂಡು ಒಟ್ಟಿಗೆ ಆಡಬಹುದು ಅಂತ. ಅಂದ್ರೆ ಒಬ್ಬ ಚೌಕಕ್ಕೆ ಮಾತ್ರ ಕಾಯಿ ಬಿಡ್ತಾನೆ, ಪಕ್ಕದವನು ಒಂದಕ್ಕೂ ಬಿಡ್ತಾನೆ, ಆದ್ರೂ ಆಟ ನ್ಯಾಯವಾಗಿರಬೇಕು! ಇದು ಪೂರ್ತಿಯಾಗಿ ಆಗಲಿಲ್ಲ, ಆಗೋದೂ ಕಷ್ಟ. ಆದರೆ ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಉಪಯೋಗಕ್ಕೆ ಬಂತು.

ಮೊದಲನೇದು, ಬಹಿರಂಗ ಪರೀಕ್ಷೆ. 2012ರ ಮೇ 24ರಂದು ಅರೆಬೆಂದ ರೂಲ್ಸನ್ನೇ ಎಲ್ಲರಿಗೂ ಬಿಟ್ಟರು. ಆಡಿ ನೋಡಿ, ಪ್ರಶ್ನಾವಳಿ ತುಂಬಿ ಕಳಿಸಿ ಅಂದ್ರು. ಹೊಸ ಹೊಸ ಪ್ಯಾಕೆಟ್ ಬರುತ್ತಾ ಇದು 2013ರವರೆಗೂ ನಡೀತು. 1,75,000ಕ್ಕೂ ಹೆಚ್ಚು ಜನ ಭಾಗವಹಿಸಿದ್ರು ಅಂತ ಕಂಪನಿ ಹೇಳಿತು. ಇದರಿಂದ ರೂಲ್ಸ್ ಸುಧಾರಿಸಿತು ಸರಿ, ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆ. ಬಿಟ್ಟು ಹೋದವರನ್ನ ಮತ್ತೆ ಕರೆದು "ನಿಮಗೆ ಏನು ಬೇಕು?" ಅಂತ ಕೇಳಿದ ಹಾಗಾಯ್ತು. ಮದುವೆ ಮನೇಲಿ ಮುನಿಸಿಕೊಂಡು ಹೋದ ಚಿಕ್ಕಪ್ಪನಿಗೆ ಊಟದ ರುಚಿ ಮುಖ್ಯ ಅಲ್ಲ, ಯಾರಾದ್ರೂ ಬಂದು ಕರೆಯೋದು ಮುಖ್ಯ.

ಎರಡನೇದು, ಸಣ್ಣ ತಿರುಳು, ಉಳಿದದ್ದು ಐಚ್ಛಿಕ. ಎಲ್ಲ ಎಡಿಷನ್ನಿನವರೂ "ಇದು ಇದ್ರೇನೇ ಡಿ ಅಂಡ್ ಡಿ" ಅನ್ನೋದನ್ನ ಮಾತ್ರ ತಿರುಳಿನಲ್ಲಿ ಇಟ್ಟರು: ಆರು ಸಾಮರ್ಥ್ಯಗಳು, 20 ಮುಖದ ದಾಳ, ಪಾತ್ರದ ವರ್ಗಗಳು, ಹಂತಗಳು. ಚೌಕಳಿ ಬೋರ್ಡ್ ಬೇಕಾ? ಬೇಕಿದ್ರೆ ಇಟ್ಕೊಳ್ಳಿ, ಬೇಡದಿದ್ರೆ ಬಾಯಲ್ಲೇ ವರ್ಣಿಸಿ ಆಡಿ. ಫೀಟ್ಸ್ ಅನ್ನೋ ವಿಶೇಷ ಕೌಶಲಗಳು ಬೇಕಾ? ಐಚ್ಛಿಕ. ಕತ್ತಿ ಹಿಡಿದ ಫೈಟರ್ ಪಾತ್ರದೊಳಗೇ ಬೇರೆ ಬೇರೆ ದಾರಿ ಮಾಡಿದ್ರು. ಚಾಂಪಿಯನ್ ಅನ್ನೋ ದಾರಿ ಹಳೆಯ ಶೈಲಿಯವರಿಗೆ, ಹೋಗು, ಹೊಡಿ, ಅಷ್ಟೇ. ಬ್ಯಾಟಲ್ ಮಾಸ್ಟರ್ ಅನ್ನೋ ದಾರಿ ನಾಲ್ಕನೇ ಎಡಿಷನ್ನಿನ ತಂತ್ರಗಾರಿಕೆ ಇಷ್ಟಪಡೋರಿಗೆ. ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಆಟ ಆಡಬಹುದು. ಮೊದಲಿನ ದೊಡ್ಡ ಭರವಸೆ ಕೊನೆಗೆ ಈಡೇರಿದ್ದು ಇಷ್ಟರ ಮಟ್ಟಿಗೆ.

ಮೂರನೇದು, ಬಾಗಿಲು ತೆಗೆದಿಟ್ಟರು. 2014ರ ಜುಲೈನಲ್ಲಿ ಮೂಲ ರೂಲ್ಸ್ ಉಚಿತ ಪಿಡಿಎಫ್ ಆಗಿ ಬಂತು, ಆಗಸ್ಟ್‌ನಲ್ಲಿ ಮುಖ್ಯ ಪುಸ್ತಕ. 2016ರಲ್ಲಿ ಓಪನ್ ಲೈಸೆನ್ಸ್ ಕೆಳಗೂ ಬಂತು.

ಎರಡು ರೂಲು, ಸ್ವಲ್ಪ ಗಣಿತ

ಐದನೇ ಎಡಿಷನ್ನಿನ ಎರಡು ಡಿಸೈನ್ ನಿರ್ಧಾರಗಳನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಒಳ್ಳೆ ಡಿಸೈನ್ ಅಂದ್ರೆ ಏನು ಅಂತ ಇವು ತೋರಿಸುತ್ತವೆ.

ಹಿಂದಿನ ಎಡಿಷನ್ನುಗಳಲ್ಲಿ ಅನುಕೂಲ, ಅನನುಕೂಲಗಳಿಗೆ ಸಣ್ಣ ಸಣ್ಣ ಅಂಕ. ಎತ್ತರದಲ್ಲಿ ನಿಂತಿದ್ದಕ್ಕೆ ಒಂದು ಹೆಚ್ಚು, ಕತ್ತಲಿದ್ರೆ ಎರಡು ಕಡಿಮೆ, ಮಂತ್ರದಿಂದ ಒಂದು ಹೆಚ್ಚು... ಕೂಡಿ ಕಳೆಯೋದರಲ್ಲೇ ಕಥೆ ನಿಂತುಹೋಗ್ತಿತ್ತು. ಐದನೇದರಲ್ಲಿ ಬಹುತೇಕ ಇದನ್ನೆಲ್ಲ ತೆಗೆದು ಒಂದೇ ರೂಲು: ಸನ್ನಿವೇಶ ನಿಮ್ಮ ಪರವಾಗಿದ್ರೆ ಎರಡು ದಾಳ ಹಾಕಿ ದೊಡ್ಡದನ್ನ ತಗೊಳ್ಳಿ, ವಿರುದ್ಧ ಇದ್ರೆ ಸಣ್ಣದನ್ನ. ಒಂದು ದಾಳದ ಸರಾಸರಿ 10.5. ಎರಡರಲ್ಲಿ ದೊಡ್ಡದರ ಸರಾಸರಿ 13.825, ಸಣ್ಣದರದು 7.175. ಗೆಲ್ಲೋಕೆ 11 ಬೇಕು ಅಂದ್ರೆ ಮಾಮೂಲಿ ಸಾಧ್ಯತೆ ಶೇ. 50, ಅನುಕೂಲ ಇದ್ರೆ ಶೇ. 75, ಅನನುಕೂಲ ಇದ್ರೆ ಶೇ. 25. ಲೆಕ್ಕ ಗೊತ್ತಿಲ್ಲದವನಿಗೂ ಕೈಯಲ್ಲಿ ಎರಡು ದಾಳ ಬಂದ ಕೂಡಲೇ ಖುಷಿ.

ಇನ್ನೊಂದು, ಅಂಕಗಳಿಗೆ ಕಡಿವಾಣ. ಮೂರನೇ ಎಡಿಷನ್ನಿನಲ್ಲಿ 20ನೇ ಹಂತದ ಫೈಟರ್‌ಗೆ ಹೊಡೆತದ ಮೂಲ ಅಂಕವೇ 20. ಐದನೇದರಲ್ಲಿ ಹಂತದಿಂದ ಬರೋ ಅಂಕ 2ರಿಂದ ಶುರುವಾಗಿ 6ಕ್ಕೆ ನಿಲ್ಲುತ್ತೆ. ಪರಿಣಾಮ ನೋಡಿ: ಹೊಸ ಪುಸ್ತಕದ ಸಾಮಾನ್ಯ ಗಾಬ್ಲಿನ್ ತನ್ನ ದಾಳಕ್ಕೆ 4 ಕೂಡಿಸುತ್ತೆ. ಪೂರ್ತಿ ಕವಚ, ಗುರಾಣಿ ಇರೋ ಹೀರೋನ ರಕ್ಷಣೆ 20 ಅಂದ್ರೆ 16 ಅಥವಾ ಅದಕ್ಕಿಂತ ಹೆಚ್ಚು ಬಿದ್ರೆ ಹೊಡೆತ ತಾಗುತ್ತೆ, ಶೇ. 25. ಹೀರೋ ಎಷ್ಟೇ ದೊಡ್ಡವನಾದ್ರೂ ಹತ್ತು ಗಾಬ್ಲಿನ್ ಸುತ್ತುವರಿದ್ರೆ ಕಷ್ಟವೇ. ಹೊಸಬನೂ ಹಳಬನೂ ಒಂದೇ ಮೇಜಿನಲ್ಲಿ ಆಡೋದು ಇದರಿಂದ ಸುಲಭವಾಯ್ತು.

ಹಾಗಾದ್ರೆ ಒಂದಾದ್ರಾ?

ಎಲ್ಲರೂ ಅಲ್ಲ. ಪಾಥ್‌ಫೈಂಡರ್ ಮುಚ್ಚಿಹೋಗಲಿಲ್ಲ, 2019ರಲ್ಲಿ ಅದರದೇ ಎರಡನೇ ಎಡಿಷನ್ ಬಂತು. ಹಳೇ ರೂಲ್ಸಿನವರು ಹಳೇ ರೂಲ್ಸಿನಲ್ಲೇ ಇದ್ದಾರೆ. ಆದರೆ ಬಿಟ್ಟು ಹೋದವರಲ್ಲಿ ಬಹಳ ಜನ ವಾಪಸ್ ಬಂದ್ರು, ಅದಕ್ಕಿಂತ ಹೆಚ್ಚಾಗಿ ಯಾವ ಜಗಳವೂ ಗೊತ್ತಿಲ್ಲದ ಹೊಸಬರು ಬಂದ್ರು. 2015ರಲ್ಲಿ 'ಕ್ರಿಟಿಕಲ್ ರೋಲ್' ಅನ್ನೋ ಲೈವ್ ಕಾರ್ಯಕ್ರಮ, 2016ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್'. ನೋಡಿದವರು "ನಾವೂ ಆಡೋಣ" ಅಂದಾಗ ಕೈಗೆ ಸಿಕ್ಕಿದ್ದು ಸುಲಭವಾದ, ಉಚಿತ ರೂಲ್ಸ್. ಬೆಂಗಳೂರಿನಲ್ಲೂ ಈಗ ವಾರಾಂತ್ಯಕ್ಕೆ ಸೇರಿ ಆಡೋ ಗುಂಪುಗಳಿವೆ.

ಒಗ್ಗಟ್ಟು ಎಷ್ಟು ನಾಜೂಕು ಅಂತ 2023ರ ಜನವರಿ ತೋರಿಸ್ತು. ಓಪನ್ ಲೈಸೆನ್ಸನ್ನ ಬದಲಿಸಿ, ದೊಡ್ಡ ಆದಾಯದ ಪ್ರಕಾಶಕರಿಂದ ರಾಯಲ್ಟಿ ಕೇಳೋ ಕರಡು ಹೊರಗೆ ಸೋರಿಕೆಯಾಯ್ತು. ಜನ ರೊಚ್ಚಿಗೆದ್ದರು. ತಿಂಗಳು ಮುಗಿಯೋದರೊಳಗೆ, ಜನವರಿ 27ರಂದು, ಕಂಪನಿ ಹಿಂದೆ ಸರಿದು ಮೂಲ ರೂಲ್ಸನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೇ ಕೊಟ್ಟುಬಿಟ್ಟಿತು, ಇನ್ನು ವಾಪಸ್ ತಗೊಳ್ಳೋ ಹಾಗಿಲ್ಲ. ಜನ ಸೇರಿದ್ದು ರೂಲ್ಸಿಗೆ ಮಾತ್ರ ಅಲ್ಲ, ನಂಬಿಕೆಗೆ. ನಂಬಿಕೆ ಹೋದ್ರೆ ಎಷ್ಟು ಒಳ್ಳೆ ರೂಲ್ಸ್ ಇದ್ರೂ ಜನ ಎದ್ದು ಹೋಗ್ತಾರೆ.

ಕನ್ನಡದವರಿಗೆ ಇದು ಹೊಸದಲ್ಲ

ಇದೇ ಥರದ ಒಗ್ಗೂಡುವಿಕೆ ನಮ್ಮ ಭಾಷೆಯಲ್ಲೇ ನಡೆದಿದೆ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಬೇರೆ ಕಂಪನಿಗಳ ತಂತ್ರಾಂಶಗಳೂ ಇದ್ವು. ಒಂದರಲ್ಲಿ ಟೈಪ್ ಮಾಡಿದ್ದನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದ್ರೆ ಚಿತ್ರಲಿಪಿ ಕಾಣ್ತಿತ್ತು. ಪರಿಹಾರ ಯುನಿಕೋಡ್. ಅದು ಗೆದ್ದಿದ್ದು ಯಾಕೆ? ಅಕ್ಷರವನ್ನ ಕಂಪ್ಯೂಟರ್ ಒಳಗೆ ಹೇಗೆ ಇಟ್ಟುಕೊಳ್ಳಬೇಕು ಅನ್ನೋದನ್ನ ಮಾತ್ರ ಅದು ಒಂದು ಮಾಡ್ತು. ನೀವು ಯಾವ ಕೀಲಿಮಣೆ ಬಳಸ್ತೀರಿ ಅಂತ ಕೇಳಲಿಲ್ಲ. ಕೆ.ಪಿ. ರಾವ್ ವಿನ್ಯಾಸದಲ್ಲಿ ಟೈಪ್ ಮಾಡೋರು ಹಾಗೇ ಮಾಡ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಬರಿಸೋ ನನ್ನಂಥವರು ಹಾಗೇ ಮಾಡ್ತೀವಿ. ಬೆರಳಿನ ಅಭ್ಯಾಸ ಬಿಡಬೇಕಾಗಿದ್ದಿದ್ರೆ ಜಗಳ ಇವತ್ತಿಗೂ ಇರ್ತಿತ್ತು.

ಮೈಸೂರಿನಲ್ಲೇ ಇನ್ನೊಂದು ಉದಾಹರಣೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳೆಂದರೆ ಪ್ರಾಣ. 'ಶ್ರೀತತ್ತ್ವನಿಧಿ'ಯ ಒಂಬತ್ತನೇ ಭಾಗ 'ಕೌತುಕ ನಿಧಿ'ಯಲ್ಲಿ ಆಟಗಳ ವಿವರ ಇದೆ. ಗಂಜೀಫಾ ಎಲೆಗಳಲ್ಲೇ ಅವರು 13 ಬಗೆ ಮಾಡಿದ್ರು, ದೊಡ್ಡದರಲ್ಲಿ 360 ಎಲೆ. ಅಂಥ ಅದ್ಭುತ ಕಟ್ಟುಗಳನ್ನ ಈಗ ಪ್ರದರ್ಶನದಲ್ಲಿ ನೋಡಬೇಕು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥವರು ಹಳೆ ಆಟಗಳ ಪ್ರದರ್ಶನ ಮಾಡ್ತಾ ಇರೋದ್ರಿಂದ ನಮಗೆ ಅಷ್ಟಾದರೂ ಗೊತ್ತು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ಆಡೋ ಚೌಕಾಬಾರ ಮಾತ್ರ ಯಾವ ರಾಜನ ಪುಸ್ತಕವನ್ನೂ ಕಾಯದೆ ಮನೆ ಮನೇಲಿ ಉಳೀತು. ತಿರುಳು ಸಣ್ಣದು, ಉಳಿದದ್ದನ್ನ ಮನೆಯವರು ತುಂಬಿಕೊಂಡ್ರು.

ರಾಜ್ಯೋತ್ಸವದ ಚೌಕಾಬಾರಕ್ಕೆ

ಹಾಗಾಗಿ ನನ್ನ ಪ್ರಸ್ತಾಪ ಇದು. "ಅಧಿಕೃತ ಚೌಕಾಬಾರ ನಿಯಮಾವಳಿ" ಅಂತ ಹತ್ತು ಪುಟ ಬರೆಯೋದು ಬೇಡ. ಹಾಗೆ ಮಾಡಿದ್ರೆ ಗೆಲ್ಲೋದು ಯಾರು ಬರೆದ್ರೋ ಅವರ ಅಜ್ಜಿ ಮಾತ್ರ.

ತಿರುಳು ಇಷ್ಟೇ ಇರಲಿ: 25 ಚೌಕ, ನಾಲ್ಕು ಕಾಯಿ, ನಾಲ್ಕು ಕವಡೆ. ಚೌಕ, ಬಾರಕ್ಕೆ ಮತ್ತೊಂದು ಸಲ. ಕತ್ತರಿ ಮನೇಲಿರೋ ಕಾಯಿ ಹೊಡೆಯೋ ಹಾಗಿಲ್ಲ. ಒಂದಾದ್ರೂ ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶ ಇಲ್ಲ. ನಾಲ್ಕೂ ಹಣ್ಣಾದವರು ಗೆದ್ದರು. ನಾನು ಕೇಳಿದ ಅಷ್ಟೂ ಮನೆಗಳಲ್ಲಿ ಇಷ್ಟು ಒಂದೇ ಥರ ಇದೆ.

ಉಳಿದ ಮೂರು ಪ್ರಶ್ನೆ, ಅಂದ್ರೆ ಕಾಯಿ ಬಿಡೋದು ಯಾವಾಗ, ಜೋಡಿ ಕಾಯಿಗೆ ಏನು, ಮೂರು ಸಲ ಚೌಕ ಬಿದ್ರೆ ಏನು, ಇವನ್ನ ಮನೆ ರೂಲು ಅಂತ ಬಿಡೋಣ. ಕವಡೆ ಹಾಕೋ ಮುಂಚೆ ನಾಲ್ಕೂ ಜನ ಒಪ್ಪಿ ಬೋರ್ಡಿನ ಪಕ್ಕ ಸೀಮೆಸುಣ್ಣದಲ್ಲಿ ಬರೀಬೇಕು. ಒಪ್ಪಿಗೆ ಆಗದಿದ್ರೆ ಕವಡೆ ಹಾಕಿ ತೀರ್ಮಾನ. ಒಂದೇ ಷರತ್ತು: ಬರೆದ ಮೇಲೆ ಆ ಆಟ ಮುಗಿಯೋವರೆಗೂ ಬದಲಿಸೋ ಹಾಗಿಲ್ಲ. ಫೈನಲ್‌ಗೆ ಮಾತ್ರ ಸಮಯ ಕಡಿಮೆ ಇರೋದ್ರಿಂದ "ಒಂದೂ ಆಗುತ್ತೆ" ಅನ್ನೋ ರೂಲು. ಅದರ ಲೆಕ್ಕ ಮೇಲೆ ನೋಡಿದ್ದೀರಲ್ಲ.

ಅದಕ್ಕೂ ಮೊದಲು ಪರೀಕ್ಷೆ ಆಗಬೇಕು. ಅಕ್ಟೋಬರ್‌ನಲ್ಲಿ ಎರಡು ಶನಿವಾರ ಸಂಜೆ ಕನ್ನಡ ಸಂಘದ ರೂಮಿನಲ್ಲಿ ಬೋರ್ಡ್ ಹಾಕಿರ್ತೀವಿ. ಬಂದು ಆಡಿ, ಎಲ್ಲಿ ಜಗಳ ಬಂತು ಅಂತ ಒಂದು ಚೀಟಿಯಲ್ಲಿ ಬರೆದು ಹೋಗಿ. ಜಗಳ ಬಂದ ಜಾಗವೇ ರೂಲು ಬೇಕಾಗಿರೋ ಜಾಗ.

ಇನ್ನೊಂದು ಕೆಲಸ ಈಗಲೇ ಆಗಬೇಕು. ಮನೆಗೆ ಫೋನ್ ಮಾಡಿದಾಗ ನಿಮ್ಮ ಅಜ್ಜಿಯನ್ನೋ ತಾತನನ್ನೋ ಕೇಳಿ, ನಿಮ್ಮನೇಲಿ ಕಾಯಿ ಹೇಗೆ ಬಿಡ್ತಿದ್ರು, ಯಾಕೆ ಹಾಗೆ ಅಂತ. ರೂಲಿನ ಜೊತೆ ಆ 'ಯಾಕೆ'ಯನ್ನೂ ಬರೆದು ಸಂಘಕ್ಕೆ ಕಳಿಸಿ. ಡಿ ಅಂಡ್ ಡಿಯವರ ಹಳೇ ಎಡಿಷನ್ನುಗಳು ಪುಸ್ತಕದಲ್ಲಿವೆ, ಬೇಕಾದಾಗ ತೆಗೆದು ಆಡಬಹುದು. ನಮ್ಮವು ಇರೋದು ಅವರ ನೆನಪಿನಲ್ಲಿ ಮಾತ್ರ. ಸ್ಪರ್ಧೆಗೆ ಒಂದು ರೂಲು ಸಾಕು, ಆದರೆ ಬರೆದಿಡೋಕೆ ಎಲ್ಲವೂ ಬೇಕು.

ಕವಡೆ ನಾನು ಊರಿಂದ ತರ್ತೀನಿ. ಹುಣಸೆ ಬೀಜ ಮೆಸ್ಸಿನಲ್ಲಿ ಸಿಗುತ್ತೆ.